ಬೀಗ ಹಾಕಿದ ಅಜ್ಜನ ಮನೆಯ ಗೋಡೆ ರಸ್ತೆಗೆ ವಾಲಿದೆ, ಅನುಭವವಿರುವವರು ದಯವಿಟ್ಟು ತಿಳಿಸಿ

ಸಕಲೇಶಪುರದ ಮೊಮ್ಮಗ:
ನಮ್ಮ ಅಜ್ಜ ಕಟ್ಟಿಸಿದ ತೊಟ್ಟಿಮನೆ ಸಕಲೇಶಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿದೆ. ಅಜ್ಜಿ ತೀರಿಕೊಂಡ ಮೇಲೆ ಒಂಬತ್ತು ಮಳೆಗಾಲಗಳಿಂದ ಅದಕ್ಕೆ ಬೀಗ ಬಿದ್ದಿದೆ. ಮಂಗಗಳು ಹೆಂಚು ಸರಿಸಿದ ಕಡೆಯಿಂದ ನೀರಿಳಿದು ಪಡುವಣ ಗೋಡೆ ರಸ್ತೆಯತ್ತ ವಾಲಿದ್ದು, ಆ ರಸ್ತೆಯಲ್ಲಿಯೇ ಶಾಲೆಯ ಮಕ್ಕಳು ದಿನವೂ ನಡೆದುಹೋಗುತ್ತಾರೆ. ಹಿತ್ತಿಲ ಸೇದುವ ಬಾವಿಯ ಕಟ್ಟೆಯೂ ಒಂದು ಬದಿಯಲ್ಲಿ ಕುಸಿದಿದೆ. ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿದೆ, ಕಂದಾಯವನ್ನು ಮಾತ್ರ ನಾನು ಕಟ್ಟುತ್ತಿದ್ದೇನೆ. ಶಿವಮೊಗ್ಗದಲ್ಲಿರುವ ಚಿಕ್ಕಪ್ಪ ಮನೆ ಕೆಡವಲು ಸಹಿ ಹಾಕುವುದಿಲ್ಲ, ಅತ್ತೆಯವರು ‘ನಿಮ್ಮ ನಿಮ್ಮಲ್ಲೇ ಮಾಡಿಕೊಳ್ಳಿ’ ಎನ್ನುತ್ತಾರೆ. ಯಾರಿಗಾದರೂ ಪೆಟ್ಟಾದರೆ ಕಂದಾಯ ಕಟ್ಟುವ ನಾನೊಬ್ಬನೇ ಹೊಣೆಗಾರನಾಗುತ್ತೇನೆಯೇ? ಚಿಕ್ಕಪ್ಪನ ಸಹಿಯಿಲ್ಲದೆ ಆ ಗೋಡೆಯನ್ನಷ್ಟೇ ಇಳಿಸಬಹುದೇ?

ಮೂಡಿಗೆರೆಯ ತೋಟದವ:
ಕೆಡವಿಬಿಡಿ ಎನ್ನುವವರ ಮಾತು ಕೇಳುವ ಮೊದಲು ಕೆಡವಿದವನ ಲೆಕ್ಕವನ್ನು ನೋಡಿ. 2019ರ ಆಗಸ್ಟ್ ಮಳೆಗೆ ನಮ್ಮ ತಾಲ್ಲೂಕಿನ ಗುಡ್ಡಗಳೇ ಜಾರಿದಾಗ ನಮ್ಮ ಹಳೆಯ ಮನೆಯ ಅಡುಗೆಮನೆಯ ಗೋಡೆಯೂ ಮಲಗಿತು. ಉಳಿದ ಭಾಗವನ್ನು 2021ರ ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ ಆಳುಗಳೇ ಸಿಗದ ಕಾಲದಲ್ಲಿ, ಇಳಿಸಲು ಹೊರಟದ್ದು ನನ್ನ ಮೊದಲ ತಪ್ಪು. ಆರು ಜನ ಎಂಟು ದಿನ ದುಡಿದರು, ದಿನಕ್ಕೆ 600 ರೂಪಾಯಿಯಂತೆ 28,800 ಆಯಿತು. ಜೆಸಿಬಿ ಹನ್ನೊಂದು ಗಂಟೆಗೆ 12,100, ಮಣ್ಣು ಹೊರಲು ಟ್ರ್ಯಾಕ್ಟರ್ ಹದಿನಾಲ್ಕು ಲೋಡಿಗೆ 12,600. ಆರನೆಯ ದಿನ ಗೆದ್ದಲು ತಿಂದ ಪಕಾಸಿನ (ಮಾಡನ್ನು ಹೊರುವ ಮರದ) ಮೇಲೆ ಕಾಲಿಟ್ಟ ಆಳು ಅಟ್ಟದಿಂದ ನಡುಮನೆಗೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಆಸ್ಪತ್ರೆಗೆ 86,000, ನಾಲ್ಕು ತಿಂಗಳ ಕೂಲಿಗೆಂದು 48,000 ಕೊಟ್ಟೆ. ಕಟ್ಟಡ ಕೆಡವುವಾಗ ತೋರುವ ನಿರ್ಲಕ್ಷ್ಯಕ್ಕೆ ಭಾರತೀಯ ದಂಡ ಸಂಹಿತೆಯಲ್ಲಿ 288 ಎಂಬ ಕಲಮೇ ಇತ್ತೆಂದು ನನಗೆ ತಿಳಿದದ್ದು ಠಾಣೆಯ ಬೆಂಚಿನ ಮೇಲೆ ಕುಳಿತಾಗ. ಹೆಂಚನ್ನು ಫೋನಿನಲ್ಲಿ ಒಂದಕ್ಕೆ 14 ರೂಪಾಯಿಗೆ ಒಪ್ಪಿದ್ದ ಹೋಂಸ್ಟೇ ಮಾಲೀಕರು ಸ್ಥಳಕ್ಕೆ ಬಂದು 9 ಎಂದರು. 3,700 ಹೆಂಚಿಗೆ 33,300 ಬಂತು. ಅದನ್ನು ಕಳೆದರೂ ನನ್ನ ಕೈಯಿಂದ ಹೋದದ್ದು 1,54,200 ರೂಪಾಯಿ. ಬೀಟೆಯ ತೊಲೆಗಳನ್ನು ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕೆಂದರು, ಅವು ಇಂದಿಗೂ ಟಾರ್ಪಾಲಿನಡಿಯಲ್ಲಿ ಮಲಗಿವೆ.

ನಿವೃತ್ತ ಶಿಕ್ಷಕಿ, ಚಿಕ್ಕಮಗಳೂರು ಜಿಲ್ಲೆ:
ಇಲ್ಲಿ ಎಲ್ಲರೂ ಮನೆಯ ಮಾಲೀಕರಾಗಿಯೇ ಮಾತನಾಡುತ್ತಿರುವುದರಿಂದ ಗೋಡೆಯ ಕೆಳಗೆ ಸಿಕ್ಕವರ ಪರವಾಗಿ ನಾನು ಬರೆಯುತ್ತೇನೆ. ದಾವೆ ನಡೆಯುತ್ತಿರುವುದರಿಂದ ಊರಿನ ಹೆಸರನ್ನು ಹೇಳಲಾರೆ. ನಮ್ಮ ಓಣಿಯ ಮೂಲೆಯ ಪಾಳುಮನೆಯ ವಾರಸುದಾರರು ನಾಲ್ವರು, ಅವರಲ್ಲಿ ಇಬ್ಬರು ವಿದೇಶದಲ್ಲಿದ್ದಾರೆ. ಗೋಡೆ ಬಿರುಕು ಬಿಟ್ಟಿದೆಯೆಂದು ನಾನು ಸ್ಥಳೀಯ ಕಚೇರಿಗೆ ಕೊಟ್ಟ ಅರ್ಜಿಗಳ ಸ್ವೀಕೃತಿ ಮೂರು ನನ್ನ ಕಡತದಲ್ಲಿವೆ. ಹದಿನಾಲ್ಕು ತಿಂಗಳು ಯಾರೂ ಅಲುಗಲಿಲ್ಲ. ಹಾಲು ತರಲು ಹೋದ ನಮ್ಮ ಯಜಮಾನರ ಮೇಲೆ ಒಂದು ಬೆಳಗ್ಗೆ ಆ ಗೋಡೆ ಬಿತ್ತು, ಸೊಂಟದ ಕೀಲು ಬದಲಿಸಬೇಕಾಯಿತು, ಇಂದಿಗೂ ಅವರು ವಾಕರ್ ಹಿಡಿದೇ ಬಚ್ಚಲಿಗೆ ಹೋಗುತ್ತಾರೆ. ವಾರಸುದಾರರು ಕೊಟ್ಟ ಉತ್ತರವೇನು ಗೊತ್ತೇ? ಮಳೆ ದೈವೇಚ್ಛೆಯಂತೆ, ಬಿರುಕು ತಮಗೆ ತಿಳಿದಿರಲಿಲ್ಲವಂತೆ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1966ರಲ್ಲಿಯೇ ಇದಕ್ಕೆ ಉತ್ತರ ಹೇಳಿದೆ: ದಾರಿಗೆ ಹೊಂದಿದ ಕಟ್ಟಡದ ಮಾಲೀಕನು ಅದನ್ನು ಸುಸ್ಥಿತಿಯಲ್ಲಿಡಲು ಬದ್ಧನು, ದೋಷ ಕಣ್ಣಿಗೆ ಕಾಣುವಂಥದ್ದಲ್ಲವೆಂಬ ಮಾತು ಅವನನ್ನು ಉಳಿಸುವುದಿಲ್ಲ. ಒಂದೂವರೆ ಲಕ್ಷ ಹೋಯಿತೆಂದು ಅಳುವ ಮೂಡಿಗೆರೆಯವರು ನಮ್ಮ ಮನೆಯ ಔಷಧದ ಬಿಲ್ಲನ್ನು ಒಮ್ಮೆ ನೋಡಲಿ.

ಮೂಡಿಗೆರೆಯ ತೋಟದವ:
ಮೇಡಂ, ನಾನು ಅತ್ತಿಲ್ಲ, ಲೆಕ್ಕ ಹೇಳಿದ್ದೇನೆ. ದಾರಿಯಲ್ಲಿ ನಡೆಯುವವರ ಮಾತು ಬೇರೆ, ಬೀಗ ಒಡೆದು ಒಳಗೆ ಬರುವವರ ಮಾತು ಬೇರೆ. ನಮ್ಮ ಮನೆಯನ್ನು ಕೆಡವುವ ಮೊದಲು ಪಕ್ಕದ ಊರಿನ ಹುಡುಗರು ಅಲ್ಲಿ ಬಾಟಲಿ ಇಟ್ಟುಕೊಂಡು ಕೂರುತ್ತಿದ್ದರು. ಅವರಲ್ಲೊಬ್ಬ ಅಟ್ಟದ ಏಣಿಯಿಂದ ಜಾರಿ ಕೈ ಮುರಿದುಕೊಂಡಾಗ ಅವನ ತಂದೆ ನನ್ನ ಜಗಲಿಗೆ ಬಂದು ಪರಿಹಾರ ಕೇಳಿದರು. ಕಳ್ಳನಿಗೂ ನಾನು ಮೆತ್ತೆ ಹಾಸಿ ಇಡಬೇಕಿತ್ತೇ?

ನಿವೃತ್ತ ಶಿಕ್ಷಕಿ, ಚಿಕ್ಕಮಗಳೂರು ಜಿಲ್ಲೆ:
ಕುಡಿಯಲು ಬಂದ ಹುಡುಗರನ್ನೂ ಸೀಬೆಹಣ್ಣಿಗಾಗಿ ಬೇಲಿ ದಾಟುವ ಏಳು ವರ್ಷದ ಮಗುವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಹಿತ್ತಿಲಿನಲ್ಲಿ ಹಣ್ಣಿನ ಮರ, ಪಕ್ಕದಲ್ಲಿ ಕಟ್ಟೆಯಿಲ್ಲದ ಬಾವಿ, ಬೇಲಿಯಲ್ಲಿ ಕಂಡಿ, ಇಷ್ಟಿದ್ದ ಮೇಲೆ ಮಕ್ಕಳು ಬರುವುದನ್ನು ಊಹಿಸಲು ಮಾಲೀಕನು ಜ್ಯೋತಿಷಿಯಾಗಬೇಕಿಲ್ಲ.

ಬೇಲೂರು ಕಡೆಯವ:
ಕೆಡವದೆಯೂ ದಾರಿಯಿದೆ ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ಮೂವತ್ತು ದಿನಕ್ಕಿಂತ ಹೆಚ್ಚು ಕಾಲ ಯಾರೂ ವಾಸವಿಲ್ಲದಿದ್ದರೆ ವಿಮೆ ನಿಲ್ಲುತ್ತದೆಂಬ ಷರತ್ತನ್ನು ನನ್ನ ಪಾಲಿಸಿಯಲ್ಲಿ ಓದಿದ ದಿನವೇ ಮನೆಯಲ್ಲಿ ಒಂದು ಕುಟುಂಬವನ್ನು ಬಾಡಿಗೆಯಿಲ್ಲದೆ ಇರಿಸಿದೆ. ದಿನವೂ ಒಲೆ ಉರಿಯುವುದರಿಂದ ಗೆದ್ದಲು ನಿಂತಿದೆ, ಮಂಗ ಸರಿಸಿದ ಹೆಂಚನ್ನು ಅವರೇ ಸರಿಪಡಿಸುತ್ತಾರೆ. ಹನ್ನೊಂದು ವರ್ಷದಲ್ಲಿ ನನಗೆ ಆದ ಖರ್ಚು ಹೆಂಚಿನಡಿಯ ರೀಪು ಪಟ್ಟಿ ಬದಲಿಸಲು 22,000 ಮತ್ತು ವೈರಿಂಗಿಗೆ 17,500 ಮಾತ್ರ. ಮನೆಯನ್ನು ಪ್ರೀತಿಸುವವರು ಜೆಸಿಬಿ ಕರೆಯುವುದಿಲ್ಲ.

ಹಾಸನದ ಗುಮಾಸ್ತ:
ಬೇಲೂರಿನವರು ಬಾಯಿಮಾತಿನಲ್ಲಿ ಇರಿಸಿದ್ದರೆ ತಡಮಾಡದೆ ಒಂದು ಕರಾರುಪತ್ರ ಮಾಡಿಸಿಕೊಳ್ಳಲಿ. ಮಾಲೀಕನ ಅನುಮತಿಯಿಲ್ಲದೆ ಹನ್ನೆರಡು ವರ್ಷ ಬಹಿರಂಗವಾಗಿ ಇದ್ದವನು ಹಕ್ಕು ಕೇಳುವುದಕ್ಕೆ ಪ್ರತಿಕೂಲ ಸ್ವಾಧೀನ ಎನ್ನುತ್ತಾರೆ. ಅನುಮತಿಯಿಂದ ಇರುವವನ ಸ್ವಾಧೀನವು ಎಷ್ಟು ವರ್ಷವಾದರೂ ಹಾಗಾಗುವುದಿಲ್ಲ, ನಿಜ. ಆದರೆ ಹನ್ನೆರಡು ವರ್ಷ ದಾಟಿದ ಮೇಲೆ ಅನುಮತಿ ಕೊಟ್ಟೇ ಇರಲಿಲ್ಲವೆಂದು ಅವನು ಹೇಳಿದರೆ, ಕೊಟ್ಟಿದ್ದಿರೆಂದು ತೋರಿಸಲು ನಿಮ್ಮ ಬಳಿ ಕಾಗದ ಬೇಕಲ್ಲವೇ?

ಇನ್ನು ಪ್ರಶ್ನೆ ಕೇಳಿದವರಿಗೆ. ವಕೀಲರ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕಡತ ಹೊತ್ತಿರುವ ನಾನು ನನ್ನ ಸ್ವಂತ ಮನೆಯ ವಿಷಯದಲ್ಲಿ ಅನುಭವಿಸಿದ್ದನ್ನು ಹೇಳುತ್ತೇನೆ. ನಮ್ಮದೂ ಜಂಟಿ ಆಸ್ತಿ, ಅಣ್ಣ ಸಹಿ ಹಾಕಲಿಲ್ಲ. 2022ರಲ್ಲಿ ಅಣ್ಣನಿಗೂ ಇಬ್ಬರು ಅಕ್ಕಂದಿರಿಗೂ, ಗೋಡೆಯ ಫೋಟೋಗಳನ್ನು ಲಗತ್ತಿಸಿ, ಇಂತಿಷ್ಟು ದಿನದೊಳಗೆ ದುರಸ್ತಿಗೆ ಸೇರಬೇಕೆಂದು ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳುಹಿಸಿದೆ. ಅಣ್ಣ ಲಕೋಟೆಯನ್ನು ತೆಗೆದುಕೊಳ್ಳದೆ ಹಿಂತಿರುಗಿಸಿದ. ಆ ಲಕೋಟೆಯನ್ನು ಒಡೆಯದೆ ಇಟ್ಟಿದ್ದೇನೆ. ನಂತರ ನನ್ನ ಮನೆಯ ಮೇಲೆ ನೆರೆಯವರಿಂದ ನಾನೇ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಿಸಿದೆ, ನಗಬೇಡಿ. ಬೀಳುವ ಸ್ಥಿತಿಯ ಕಟ್ಟಡವನ್ನು ತೆಗೆಯುವಂತೆ, ದುರಸ್ತಿ ಮಾಡುವಂತೆ ಅಥವಾ ಆಧಾರ ಕೊಡುವಂತೆ, ದಾರಿಗೆ ಹೊಂದಿದ ಬಾವಿಗೆ ಬೇಲಿ ಹಾಕುವಂತೆ ಷರತ್ತಿನ ಆದೇಶ (ಮಾಡಿ, ಇಲ್ಲವೇ ಬಂದು ಕಾರಣ ಹೇಳಿ ಎಂಬ ಆದೇಶ) ಮಾಡುವ ಅಧಿಕಾರ ಅವರಿಗಿದೆ. ಆಗ ಅದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ, 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಆದೇಶ ಹೋಗುವುದು ಕಟ್ಟಡದ ಒಡೆತನ, ಸ್ವಾಧೀನ ಅಥವಾ ಹತೋಟಿ ಇರುವವರಿಗೆ. ಖಾತೆ ಅಜ್ಜನ ಹೆಸರಿನಲ್ಲಿದೆಯೆಂದು ಮೊಮ್ಮಕ್ಕಳು ತಪ್ಪಿಸಿಕೊಳ್ಳಲಾಗುವುದಿಲ್ಲ. ಕಂದಾಯದ ರಸೀದಿ ಹಕ್ಕುಪತ್ರವಲ್ಲ, ಆದ್ದರಿಂದ ಅದು ನಿಮ್ಮನ್ನು ಒಬ್ಬರೇ ಮಾಲೀಕರನ್ನಾಗಿ ಮಾಡುವುದಿಲ್ಲ, ಒಬ್ಬರೇ ಹೊಣೆಗಾರರನ್ನಾಗಿಯೂ ಮಾಡುವುದಿಲ್ಲ. ಆದರೆ ಬೀಗದ ಕೈ ನಿಮ್ಮಲ್ಲಿದ್ದರೆ ಹತೋಟಿ ನಿಮ್ಮದೆಂದು ಎದುರು ಪಕ್ಷದವರು ಹೇಳಿಯೇ ಹೇಳುತ್ತಾರೆ. ಸಹಮಾಲೀಕರ ಹೊಣೆ ಜಂಟಿಯೂ ಹೌದು, ಪ್ರತ್ಯೇಕವೂ ಹೌದು. ಪರಿಹಾರವನ್ನು ಕೈಗೆ ಸಿಗುವವರಿಂದ ಪೂರ್ತಿ ವಸೂಲು ಮಾಡಬಹುದು, ಉಳಿದವರ ಪಾಲನ್ನು ನೀವು ಆಮೇಲೆ ಬೆನ್ನಟ್ಟಬೇಕು.

ಆದೇಶದ ಬಲದಿಂದ ನಾನು ಗೋಡೆ ಇಳಿಸಿದೆ. ಸ್ಥಳ ಮಹಜರು ಮಾಡಿಸಿದೆ, ಅಂದರೆ ಅಲ್ಲಿದ್ದದ್ದನ್ನು ಸಾಕ್ಷಿಗಳೆದುರು ಬರೆಸಿದೆ, ಹೆಂಚುಗಳನ್ನು ಎಣಿಸಿ ಬರೆಸಿದೆ. ಇಷ್ಟಾದರೂ ಕೆತ್ತನೆಯ ಬಾಗಿಲವಾಡ ಕಾಣೆಯಾಗಿದೆಯೆಂದು ಅಣ್ಣ ಮೂರು ಲಕ್ಷಕ್ಕೆ ದಾವೆ ಹೂಡಿದ್ದಾನೆ. ಆ ಬಾಗಿಲವಾಡ ನಾನು ಹುಟ್ಟುವ ಮೊದಲೇ ಗೆದ್ದಲು ಹಿಡಿದಿತ್ತೆಂದು ಅಮ್ಮ ಹೇಳುತ್ತಿದ್ದರು. ಮಹಜರಿನಲ್ಲಿ ಅದೊಂದನ್ನು ಬರೆಸದೆ ಬಿಟ್ಟದ್ದಕ್ಕೆ ಇಂದಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಬೇಲೂರು ಕಡೆಯವ:
ನಮ್ಮ ಮನೆಯಲ್ಲಿರುವವರು ಅಂಥವರಲ್ಲ. ನಿಮ್ಮ ಅಣ್ಣನಂಥವರನ್ನು ನೋಡಿ ಊರಿಗೆಲ್ಲ ಅಳತೆ ಹಿಡಿಯಬೇಡಿ.

ಅರಸೀಕೆರೆಯ ಬಯಲುಸೀಮೆಯವ:
ಗೋಡೆಯ ವಿಷಯವನ್ನೇ ಎಲ್ಲರೂ ಹಿಡಿದಿದ್ದೀರಿ, ಬಾವಿಯನ್ನು ಯಾರೂ ಕೇಳುತ್ತಿಲ್ಲ. ನಮ್ಮ ಪಾಳುಮನೆಯ ಅಂಗಳದಲ್ಲಿ ನೀರು ಬಾರದ ಕೊಳವೆಬಾವಿಯೊಂದಿತ್ತು, ಅದರ ಬಾಯಿಗೆ ಗೋಣಿಚೀಲ ಕಟ್ಟಿ ಮರೆತಿದ್ದೆವು. ಮಕ್ಕಳು ಬೀಳುವ ಪ್ರಕರಣಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಮಾರ್ಗಸೂಚಿ ಹೊರಡಿಸಿ, ಕೈಬಿಟ್ಟ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕೆಂದು ಹೇಳಿದೆ. ನಾನು ತುಂಬಿಸಿದೆ. ಎರಡು ಟ್ರ್ಯಾಕ್ಟರ್ ಎಂ-ಸ್ಯಾಂಡ್ ನುಂಗಿತು, ಮಧ್ಯದಲ್ಲಿ ಕಲ್ಲು ಸಿಕ್ಕಿಕೊಂಡು ಮೂರು ದಿನ ನೀರು ಹೊಯ್ದು ಇಳಿಸಬೇಕಾಯಿತು. ನಿಮ್ಮ ತೆರೆದ ಬಾವಿಯನ್ನೂ ಮುಚ್ಚಿಬಿಡಿ.

ಕೊಪ್ಪದ ಗೃಹಿಣಿ:
ಕೊಳವೆಬಾವಿಯನ್ನೂ ಸೇದುವ ಬಾವಿಯನ್ನೂ ಒಂದೇ ಎಂದು ತಿಳಿದವರು ಮಲೆನಾಡಿನವರಿಗೆ ಬುದ್ಧಿ ಹೇಳಬಾರದು. ಗಂಗೆಪೂಜೆ ಮಾಡಿದ ಬಾವಿಗೆ ಮಣ್ಣು ತುಂಬುವುದು ನಮ್ಮಲ್ಲಿಲ್ಲ. ಮಾವನವರ ಕಾಲದ ಬಾವಿಗೆ ನಾವು ಕಬ್ಬಿಣದ ಜಾಲರಿ ಹಾಕಿಸಿದೆವು. ಮೊದಲ ಸಲ ತೆಳು ಸರಳಿನದು 9,000, ಅದು ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಕರುವಿನ ಕಾಲು ಸಿಕ್ಕಿಕೊಂಡಿತು. ಎರಡನೆಯ ಸಲ ದಪ್ಪ ಸರಳು, ಕಟ್ಟೆಗೆ ಕಾಂಕ್ರೀಟಿನ ಬಳೆ, ಬೀಗ ಸೇರಿ 18,500.

ಅರಸೀಕೆರೆಯ ಬಯಲುಸೀಮೆಯವ:
ತುಕ್ಕು ಹಿಡಿದ ಜಾಲರಿ ಬಾವಿಯ ಬಾಯಿಗಿಂತ ಅಪಾಯಕಾರಿ ಎಂಬುದನ್ನು ನಿಮ್ಮ ಕರುವೇ ಹೇಳಿದೆಯಲ್ಲ ತಾಯಿ.

ಕೊಪ್ಪದ ಗೃಹಿಣಿ:
ಗೋಣಿಚೀಲ ಕಟ್ಟಿ ಮರೆತವರಿಂದ ಈ ಮಾತನ್ನು ಕೇಳಬೇಕಾಯಿತು.

ಸಕಲೇಶಪುರದ ಮೊಮ್ಮಗ:
ಎಲ್ಲರಿಗೂ ನಮಸ್ಕಾರ. ಬಾವಿಗೆ ಸದ್ಯಕ್ಕೆ ಬಿದಿರಿನ ತಡಿಕೆಯನ್ನೂ ಮುಳ್ಳುತಂತಿಯನ್ನೂ ಕಟ್ಟಿಸಿದ್ದೇನೆ, ಗೋಡೆಯ ಬದಿಯ ರಸ್ತೆಗೆ ಅಡಿಕೆ ದಬ್ಬೆಯ ತಡೆ ಹಾಕಿ ಮಕ್ಕಳನ್ನು ಆಚೆ ಬದಿಯಿಂದ ಕಳುಹಿಸುವಂತೆ ಶಾಲೆಯಲ್ಲಿ ಹೇಳಿ ಬಂದಿದ್ದೇನೆ. ಚಿಕ್ಕಪ್ಪನವರಿಗೂ ಅತ್ತೆಯವರಿಗೂ ಫೋಟೋ ಸಮೇತ ಸ್ವೀಕೃತಿ ಸಹಿತ ಅಂಚೆಯಲ್ಲಿ ಪತ್ರ ಹಾಕಿದ್ದೇನೆ. ಸಕಲೇಶಪುರದ ಉಪವಿಭಾಗಾಧಿಕಾರಿಗಳ ಕಚೇರಿಗೆ ಸೋಮವಾರ ನೆರೆಯವರೊಡನೆ ಹೋಗುತ್ತೇನೆ. ಬಾಗಿಲವಾಡದ ಫೋಟೋವನ್ನು ಈಗಲೇ ತೆಗೆದಿಟ್ಟುಕೊಂಡಿದ್ದೇನೆ.

ಮೂಡಿಗೆರೆಯ ತೋಟದವ:
ಹೆಂಚಿನ ಹಿಂಬದಿಯಲ್ಲಿ ಹಳೆಯ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯ ಮುದ್ರೆ ಇದೆಯೇ ನೋಡಿ. ಇದ್ದರೆ ಹೆಂಚೊಂದಕ್ಕೆ ಹದಿನಾಲ್ಕು ರೂಪಾಯಿಗೆ ಒಂದು ಪೈಸೆ ಕಡಿಮೆಗೂ ಕೊಡಬೇಡಿ, ಮುಂಗಡ ಕೈಗೆ ಬಂದ ಮೇಲೆಯೇ ಇಳಿಸಿ.