ಮಳಖೇಡದ ದಾರಿಯಲ್ಲಿ 'ಕವಿರಾಜಮಾರ್ಗ': ಮೂಲ ಮೊದಲೋ, ತಾತ್ಪರ್ಯ ಮೊದಲೋ?

ಪ್ರಶ್ನೆ | ಸೇಡಂ ಬಸ್ಸಿನ ಓದುಗ, ಕಲಬುರಗಿ

ಎರಡು ತಿಂಗಳಿಂದ ನಾನು ಓದುತ್ತಿರುವುದು 'ಕವಿರಾಜಮಾರ್ಗ'. ಕಲಬುರಗಿಯಿಂದ ಸೇಡಂಗೆ ದಿನವೂ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬರುವವನು ನಾನು. ಕಿಟಕಿಯ ಪಕ್ಕ ಜಾಗ ಸಿಕ್ಕ ದಿನ ಎರಡು ಪದ್ಯ, ಸಿಗದ ದಿನ ಒಂದೂ ಇಲ್ಲ ಎಂಬ ಲೆಕ್ಕದಲ್ಲಿ ಓದು ಸಾಗಿದೆ. ಪ್ರತಿ ವರ್ಷ ನವೆಂಬರ್ 1ರ ಸಮಾರಂಭದಲ್ಲಿ "ಕಾವೇರಿಯಿಂದಮಾ ಗೋದಾವರಿವರಂ" ಎಂಬ ಪದ್ಯವನ್ನೂ "ಕುರಿತೋದದೆಯುಂ" ಎಂಬ ಪದ್ಯವನ್ನೂ ಕೇಳುತ್ತಲೇ ಬಂದಿದ್ದೇನೆ. ಈ ಗ್ರಂಥದ ಬೇರೆ ಪದ್ಯವನ್ನು ವೇದಿಕೆಯ ಮೇಲೆ ಯಾರೂ ಹೇಳಿದ್ದನ್ನು ನಾನು ಕೇಳಿದ್ದು ಅಪರೂಪ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ನಮ್ಮ ಮಳಖೇಡ. 9ನೇ ಶತಮಾನದ ನಡುವಿನಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಈ ಗ್ರಂಥದಲ್ಲಿ ಉಳಿದದ್ದು ಏನಿದೆ ಎಂಬುದನ್ನು ದಿನಕ್ಕೆ ಎರಡು ಸಲ ಆ ಊರನ್ನು ಹಾದುಹೋಗುವವನಾದರೂ ತಿಳಿದುಕೊಳ್ಳಬೇಕಲ್ಲವೇ ಎಂದು ಪುಸ್ತಕ ಕೊಂಡೆ.

ಕಾವ್ಯವೆಂದು ತೆರೆದವನಿಗೆ ಸಿಕ್ಕಿದ್ದು ಕಾವ್ಯ ಬರೆಯುವವರಿಗಾಗಿ ಮಾಡಿದ ಲಕ್ಷಣಗ್ರಂಥ. ಮೊದಲನೆಯ ಪರಿಚ್ಛೇದ ಬಹುಪಾಲು ದೋಷಗಳ ವಿಚಾರ. ಆದರೂ ಅಲ್ಲಿ ಮನಸ್ಸು ನಿಂತಿತು. ಸಂಸ್ಕೃತ, ಕನ್ನಡಗಳ ಹದವರಿಯದೆ ಎರಡನ್ನೂ ಬೆರೆಸಿ ಸಮಾಸ ಮಾಡಿದರೆ ಅದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎನ್ನುವ ಮಾತನ್ನು ಓದಿದಾಗ, ನಮ್ಮ ಕಚೇರಿಯ ಸುತ್ತೋಲೆಗಳು ನೆನಪಾಗಿ ಬಸ್ಸಿನಲ್ಲಿಯೇ ನಗು ಬಂದಿತು. ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯ ಬರೆದವರ ಹೆಸರುಗಳನ್ನು ಸಾಲಾಗಿ ಹೇಳುವ ಪದ್ಯವನ್ನಂತೂ ಮೂರು ಸಲ ಓದಿದೆ. ಅವರು ಕನ್ನಡದಲ್ಲಿ ಬರೆದದ್ದು ಒಂದು ಹಾಳೆಯೂ ನಮ್ಮ ಕೈಗೆ ಬಂದಿಲ್ಲ; ಹೆಸರಷ್ಟೇ ಉಳಿದಿದೆ.

ಈಗ ಎರಡನೆಯ ಪರಿಚ್ಛೇದದ ಶಬ್ದಾಲಂಕಾರಗಳ ನಡುವೆ ಸಿಕ್ಕಿಕೊಂಡಿದ್ದೇನೆ. ಕೆಳಗಿನ ಹೊಸಗನ್ನಡ ತಾತ್ಪರ್ಯವನ್ನು ಮೊದಲು ಓದಿದರೆ ಮೂಲವನ್ನು ಓದುವ ಹುರುಪು ಉಳಿಯುವುದಿಲ್ಲ. ಮೂಲವನ್ನೇ ಮೊದಲು ಓದಿದರೆ ಸಾಲಿನ ಕೊನೆಯಲ್ಲಿ ಪದವೇ ತುಂಡಾಗಿ, ಎಲ್ಲಿ ಆರಂಭ, ಎಲ್ಲಿ ಮುಗಿತಾಯ ಎಂಬುದು ತಿಳಿಯುವುದಿಲ್ಲ. ಗುರುವಿಲ್ಲದೆ ಹಳಗನ್ನಡ ಓದಿದವರು ಯಾವ ದಾರಿ ಹಿಡಿದಿರಿ?

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡೇ "ಕನ್ನಡದ ತಿರುಳ್" ಎಂದು ಗ್ರಂಥ ಹೇಳುತ್ತದೆ. ಎಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ಮಳಖೇಡದಲ್ಲಿ ಕುಳಿತು ಬರೆದವರು ಮಳಖೇಡವನ್ನೇ ಹೊರಗಿಟ್ಟರಲ್ಲ ಎಂದು ಸಣ್ಣದೊಂದು ಮುನಿಸು. ನಮ್ಮ ಮಾತು ಕೇಳಿದ ಕೂಡಲೆ "ನಿಮ್ಮದು ಎಂಥ ಕನ್ನಡ" ಎನ್ನುವವರು ಈಗಲೂ ಇದ್ದಾರೆ. ಅವರ ಕೈಗೆ ಸಾವಿರದ ಇನ್ನೂರು ವರ್ಷ ಹಿಂದೆಯೇ ಚೀಟಿ ಬರೆದುಕೊಟ್ಟಂತಾಯಿತು.

ನೀವೆಲ್ಲ ಈಗ ಏನು ಓದುತ್ತಿದ್ದೀರಿ ಎಂಬುದನ್ನೂ ತಿಳಿಸಿ.

ಉತ್ತರ 1 | ಕಾಗಿಣಾ ದಂಡೆಯ ನಿವೃತ್ತ ಕನ್ನಡ ಅಧ್ಯಾಪಕ

ತಮ್ಮ ತೊಡಕು ಹೊಸಬರೆಲ್ಲರ ತೊಡಕು. ಕಂದಪದ್ಯದ ಕಟ್ಟನ್ನು ಒಮ್ಮೆ ಕೈಬೆರಳಿನಲ್ಲಿ ಎಣಿಸಿ ನೋಡಿದರೆ ಅದರಲ್ಲಿ ಮುಕ್ಕಾಲು ಪಾಲು ಕಳೆಯುತ್ತದೆ. ತಾವು ಸಮಾರಂಭಗಳಲ್ಲಿ ಕೇಳಿದ ಪದ್ಯವನ್ನೇ ತೆಗೆದುಕೊಳ್ಳಿ:

ಪದನಱಿದು ನುಡಿಯಲುಂ ನುಡಿ-
ದುದನಱಿದಾರಯಲುಮಾರ್ಪರಾ ನಾಡವರ್ಗಳ್
ಚದುರರ್ ನಿಜದಿಂ ಕುರಿತೋ-
ದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್

ಕಂದದ ಒಂದನೆಯ ಮತ್ತು ಮೂರನೆಯ ಪಾದಗಳಿಗೆ ನಾಲ್ಕು ಮಾತ್ರೆಯ ಮೂರು ಗಣ, ಎರಡನೆಯ ಮತ್ತು ನಾಲ್ಕನೆಯವಕ್ಕೆ ಐದು ಗಣ. ಪ್ರತಿ ಪಾದದ ಎರಡನೆಯ ಅಕ್ಷರ ಪ್ರಾಸವಾಗಿರಬೇಕು. ಇಲ್ಲಿ ಅದು ದಕಾರ: ಪದ, ದುದ, ಚದು, ದದೆ. "ಪದನಱಿ, ದುನುಡಿಯ, ಲುಂನುಡಿ" ಎಂದು ಮೂರು ಗಣ ತುಂಬುವಷ್ಟರಲ್ಲಿ ಪಾದ ಮುಗಿಯಿತು, ಪದ ಮುಗಿಯಲಿಲ್ಲ. ಆದ್ದರಿಂದ "ನುಡಿದುದನ್" ಎಂಬುದು ಎರಡು ಪಾದಗಳಿಗೆ ಹಂಚಿಹೋಯಿತು. ಎಲ್ಲರ ಬಾಯಲ್ಲಿರುವ "ಕುರಿತೋದದೆಯುಂ" ಕೂಡ "ಕುರಿತೋ" ಎಂದು ಮೇಲಿನ ಸಾಲಿನಲ್ಲಿ ಅರ್ಧ, "ದದೆಯುಂ" ಎಂದು ಕೆಳಗಿನ ಸಾಲಿನಲ್ಲಿ ಅರ್ಧ. ಕಣ್ಣಿಗೆ ತುಂಡಾಗಿ ಕಾಣುವುದು ಕಿವಿಗೆ ತುಂಡಾಗುವುದಿಲ್ಲ. ಎರಡನೆಯ ಪಾದದ ಕೊನೆಯ "ಡವರ್ಗಳ್" ಒಂದು ಮಾತ್ರೆ ಹೆಚ್ಚಾಯಿತಲ್ಲ ಎಂದು ತಮಗೆ ಅನಿಸಬಹುದು. ಅಲ್ಲಿ "ರ್ಗ" ಶಿಥಿಲದ್ವಿತ್ವ. ಒತ್ತಿ ಉಚ್ಚರಿಸದೆ ತೇಲಿಸಿದರೆ ಹಿಂದಿನ ವಕಾರ ಲಘುವಾಗಿಯೇ ಉಳಿಯುತ್ತದೆ.

ಹೀಗಾಗಿ ನನ್ನ ಕ್ರಮ ಇದು: ಮೊದಲು ಮೂಲವನ್ನು ಅರ್ಥದ ಗೊಡವೆಯಿಲ್ಲದೆ ಎರಡು ಸಲ ಬಾಯಿಬಿಟ್ಟು ಓದಬೇಕು. ಆಮೇಲೆ ಪೆನ್ಸಿಲಿನಿಂದ ಸಂಧಿ ಬಿಡಿಸಿ, "ನುಡಿದುದನ್ ಅಱಿದು ಆರಯಲುಂ ಆರ್ಪರ್" ಎಂದು ಪಕ್ಕದಲ್ಲಿ ಬರೆದುಕೊಳ್ಳಬೇಕು. ಮಾತಿನ ಹದವರಿತು ನುಡಿಯಬಲ್ಲರು, ಇನ್ನೊಬ್ಬರು ನುಡಿದದ್ದನ್ನು ಅರಿತು ವಿಚಾರಿಸಬಲ್ಲರು ಎಂಬ ಅರ್ಥ ಅರೆಬರೆಯಾದರೂ ತಮಗೇ ಹೊಳೆದ ಮೇಲೆ ತಾತ್ಪರ್ಯಕ್ಕೆ ಕಣ್ಣು ಹಾಕಬೇಕು. ಆಗ ತಾತ್ಪರ್ಯ ಊರುಗೋಲಾಗದೆ ಸಾಕ್ಷಿಯಾಗುತ್ತದೆ. ಶಬ್ದಾಲಂಕಾರದಲ್ಲಿ ಉಸಿರುಕಟ್ಟಿದ್ದರೆ ಅದನ್ನು ಸದ್ಯಕ್ಕೆ ಬಿಟ್ಟು ಮೂರನೆಯ ಪರಿಚ್ಛೇದದ ಅರ್ಥಾಲಂಕಾರಗಳಿಗೆ ಹೋಗಿರಿ. ದಂಡಿಯ ಸಂಸ್ಕೃತ ಲಕ್ಷಣಗ್ರಂಥ 'ಕಾವ್ಯಾದರ್ಶ'ವನ್ನು ಆಧಾರವಾಗಿಟ್ಟುಕೊಂಡ ಗ್ರಂಥವಾದರೂ ಅಲ್ಲಿಯ ಉದಾಹರಣೆಗಳಲ್ಲಿ ಕನ್ನಡದ ಸ್ವಂತ ಬೆಡಗಿದೆ. ಕ್ರಮ ತಪ್ಪಿ ಓದಿದ್ದಕ್ಕೆ ದಂಡ ಹಾಕುವವರು ಯಾರೂ ಇಲ್ಲ.

ತಮ್ಮ ಮುನಿಸಿನ ವಿಷಯ. "ನಡುವಣ ನಾಡೆ ನಾಡೆ ಕನ್ನಡದ ತಿರುಳ್" ಎಂಬಲ್ಲಿ ಎರಡು "ನಾಡೆ" ಒಂದೇ ಅಲ್ಲ. ಮೊದಲನೆಯದು ನಾಡೇ, ಎರಡನೆಯದು ವಿಶೇಷವಾಗಿ ಎಂಬ ಅವ್ಯಯ. ಅಲ್ಲಿಯ ಕನ್ನಡ ವಿಶೇಷವಾಗಿ ತಿರುಳು ಎಂದಿದ್ದಾನೆಯೇ ಹೊರತು, ಉಳಿದವರದು ಸಿಪ್ಪೆ ಎಂದಿಲ್ಲ. ಅದೇ ಪರಿಚ್ಛೇದದಲ್ಲಿ, ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳೊಳಗಿನ ದೋಷ ಇಷ್ಟೇ ಎಂದು ಹೇಳಹೊರಟರೆ ವಾಸುಕಿಯೂ ಬೇಸತ್ತುಹೋದಾನು ಎಂಬ ಪದ್ಯವಿದೆ. "ಕನ್ನಡಂಗಳೊಳ್" ಎಂಬ ಬಹುವಚನವನ್ನು ತಾವು ಗಮನಿಸಬೇಕು. ಆಸ್ಥಾನದವನೊಬ್ಬ ತನ್ನ ಒಡೆಯನ ರಾಜಧಾನಿಯ ನುಡಿಯೇ ಮೇಲೆಂದು ಬರೆಯದೆ ಇದ್ದುದನ್ನು ನಾನಾದರೆ ಅವನ ಪ್ರಾಮಾಣಿಕತೆ ಎಂದೇ ತಿಳಿಯುತ್ತೇನೆ. ಗ್ರಂಥಕರ್ತ ನೃಪತುಂಗನೋ ಶ್ರೀವಿಜಯನೋ ಎಂಬ ಹಳೆಯ ಜಗಳದಲ್ಲಿ ನಾನು ಶ್ರೀವಿಜಯನ ಕಡೆಯವನು. "ನೃಪತುಂಗದೇವಾನುಮತ" ಎಂದಿರುವುದು, ಅರಸನ ಒಪ್ಪಿಗೆ ಪಡೆದು ಬೇರೊಬ್ಬ ಬರೆದನೆಂಬುದಕ್ಕೆ ನನಗೆ ಸಾಕು.

ಉತ್ತರ 2 | ಲೆಕ್ಕದ ಮಾಸ್ತರ, ಯಾದಗಿರಿ

ನಾನು ಓದುತ್ತಿರುವುದೂ ಅದೇ ಅರಸನ ಕಾಲದ ಪುಸ್ತಕ, ಆದರೆ ಗಣಿತದ್ದು: ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'. ಸಂಸ್ಕೃತ ಶ್ಲೋಕಗಳಲ್ಲಿರುವ ಈ ಗ್ರಂಥದ ಆರಂಭದಲ್ಲಿಯೇ ಅಮೋಘವರ್ಷನ ಹೊಗಳಿಕೆ ಇದೆ. 1912ರಲ್ಲಿ ಮದರಾಸಿನಲ್ಲಿ ಮೊದಲು ಅಚ್ಚಾಯಿತು. ಮೂಲ ಮೊದಲೋ ತಾತ್ಪರ್ಯ ಮೊದಲೋ ಎಂಬ ಪ್ರಶ್ನೆ ನನಗೆ ಬರುವುದಿಲ್ಲ. ಲೆಕ್ಕವನ್ನು ಮೊದಲು ಬಿಡಿಸುತ್ತೇನೆ, ಶ್ಲೋಕ ಆಮೇಲೆ ತಾನೇ ದಾರಿಗೆ ಬರುತ್ತದೆ. ಭಿನ್ನರಾಶಿಗಳನ್ನು ಕೂಡಿಸಲು ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಹಿಡಿಯುವ ಕ್ರಮಕ್ಕೆ ಆತ "ನಿರುದ್ಧ" ಎಂಬ ಹೆಸರಿಟ್ಟಿದ್ದಾನೆ; ನಾವು ಇಂದಿಗೂ ಕರಿಹಲಗೆಯ ಮೇಲೆ ಮಾಡಿಸುವುದು ಅದನ್ನೇ.

ಆತ ತಪ್ಪಿದ ಜಾಗವೂ ಒಂದಿದೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಹಾಗೆಯೇ ಉಳಿಯುತ್ತದೆ ಎನ್ನುತ್ತಾನೆ. ಒಂಬತ್ತನೆಯ ತರಗತಿಯಲ್ಲಿ ಇದನ್ನು ಹೇಳಿ, ತಪ್ಪೆಲ್ಲಿದೆ ಹುಡುಕಿ ಎಂದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ, ಹಂಚಿಕೊಳ್ಳಲಿಕ್ಕೆ ಯಾರೂ ಬರದಿದ್ದರೆ ರೊಟ್ಟಿ ಬುಟ್ಟಿಯೊಳಗೇ ಉಳೀತದಲ್ಲರಿ, ಅವರು ಅದನ್ನೇ ಹೇಳ್ಯಾರ" ಎಂದಳು. ತಪ್ಪು ತಪ್ಪೇ, ಆದರೆ ಹೇಗೆ ತಪ್ಪಿದನೆಂಬುದನ್ನು ನಾನು ಯಾವ ಟಿಪ್ಪಣಿಯಲ್ಲಿಯೂ ಇಷ್ಟು ಚೆನ್ನಾಗಿ ಓದಿರಲಿಲ್ಲ.

ಉತ್ತರ 3 | ಬೀದರಿನ ಸೊಸೆ

ತಮ್ಮಿಬ್ಬರ ಪುಸ್ತಕಗಳ ಮುಂದೆ ನನ್ನದು ತೀರ ಇತ್ತೀಚಿನದು. ಗೀತಾ ನಾಗಭೂಷಣ ಅವರ 'ಬದುಕು' ಓದುತ್ತಿದ್ದೇನೆ. 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಓದುತ್ತಿದ್ದೇನೆ ಎನ್ನುವುದಕ್ಕಿಂತ ಓದಿ ಹೇಳುತ್ತಿದ್ದೇನೆ ಎಂದರೆ ಸರಿ. ನಮ್ಮ ಮಾವನವರಿಗೆ ತೊಂಬತ್ತರ ಹತ್ತಿರ ವಯಸ್ಸು. ಅವರು ಕಲಿತದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಉರ್ದು ಪತ್ರಿಕೆಯನ್ನು ಕನ್ನಡಕವಿಲ್ಲದ ಕಾಲದಲ್ಲಿ ಸರಾಗವಾಗಿ ಓದುತ್ತಿದ್ದರಂತೆ. ಕನ್ನಡ ಅಕ್ಷರವನ್ನು ಆಮೇಲೆ ಬಸ್ಸಿನ ಬೋರ್ಡುಗಳನ್ನು ನೋಡಿ ಕಲಿತರು, ಪುಸ್ತಕದವರೆಗೆ ಅದು ಬರಲಿಲ್ಲ.

ನಾನು ಮೈಸೂರು ಕಡೆಯಿಂದ ಬಂದವಳು. ಮೊದಲ ವಾರ "ಮಾಡಲತ್ತಾನ", "ಹೋಗಲತ್ತಾಳ" ಎಂಬಂಥ ಕ್ರಿಯಾಪದಗಳನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದೆ. ಮಾವನವರು ಕಣ್ಣು ಮುಚ್ಚಿಕೊಂಡೇ "ಹಾಂಗಲ್ಲವ್ವ" ಎಂದು ತಡೆದು, ಆ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿ ತೋರಿಸುತ್ತಿದ್ದರು. ಈಗ ನಾನು ವಾಕ್ಯದ ಅರ್ಧ ಓದುವಷ್ಟರಲ್ಲಿ ಉಳಿದರ್ಧವನ್ನು ಅವರೇ ಮುಗಿಸುತ್ತಾರೆ, ಮತ್ತು ಹತ್ತರಲ್ಲಿ ಆರು ಸಲ ಪುಸ್ತಕದಲ್ಲಿರುವುದೂ ಅದೇ. ದುಡಿದು ತಿನ್ನುವವರ ಹಟ್ಟಿಯ ಕಷ್ಟಗಳು ಬಂದಾಗ ಮಾತ್ರ ಸುಮ್ಮನೆ ಕುಳಿತಿರುತ್ತಾರೆ. ಮೊನ್ನೆ ಅಂಥ ಒಂದು ಪುಟ ಮುಗಿದ ಮೇಲೆ, "ಇವೆಲ್ಲ ಬರೀಬಹುದಂತ ನಮಗ್ಯಾರೂ ಹೇಳಿದ್ದಿಲ್ಲ" ಎಂದರು.

ಅಧ್ಯಾಪಕರು ಹೇಳಿದ ಕ್ರಮವನ್ನು ನಾನು ತಿಳಿಯದೆಯೇ ಪಾಲಿಸಿದಂತಾಗಿದೆ. ಈ ಕಾದಂಬರಿಗೂ ನನ್ನಂಥವಳಿಗೆ ತಾತ್ಪರ್ಯ ಬೇಕಾಗಿತ್ತು. ಅದು ಪಕ್ಕದ ಮಂಚದ ಮೇಲೆ ಕುಳಿತಿತ್ತು. ಒಂದು ಭಿನ್ನಾಭಿಪ್ರಾಯ ಮಾತ್ರ ಇದೆ. "ಕುರಿತೋದದೆಯುಂ" ಪದ್ಯವನ್ನು ವೇದಿಕೆಯ ಮೇಲೆ ಹೇಳುವವರು ಓದು ಬೇಕಾಗಿಯೇ ಇರಲಿಲ್ಲ ಎನ್ನುವ ಹಾಗೆ ಹೇಳುತ್ತಾರೆ. ನಮ್ಮ ಮಾವನವರಿಗೆ ಓದು ಬೇಕಾಗಿತ್ತು. ಸಿಗಲಿಲ್ಲ.

ಉತ್ತರ 4 | ಕಾಗಿಣಾ ದಂಡೆಯ ನಿವೃತ್ತ ಕನ್ನಡ ಅಧ್ಯಾಪಕ

ತಾಯಿ, ತಮ್ಮ ಆಕ್ಷೇಪವನ್ನು ಒಪ್ಪುತ್ತೇನೆ. ಮೂವತ್ತು ವರ್ಷ ತರಗತಿಯಲ್ಲಿ ಆ ಪದ್ಯವನ್ನು ಕೇವಲ ಹೊಗಳಿಕೆಯಾಗಿಯೇ ಪಾಠ ಮಾಡಿದವನು ನಾನು. "ಕುರಿತು ಓದು" ಎಂದರೆ ಗುರಿಯಿಟ್ಟು ಮಾಡುವ ಅಧ್ಯಯನ. ಅದಿಲ್ಲದೆಯೂ ಜನರು ಕಾವ್ಯದ ಪ್ರಯೋಗವನ್ನು ಬಲ್ಲವರಾಗಿದ್ದರು ಎಂದಷ್ಟೇ ಮೂಲದ ಮಾತು. ಅಧ್ಯಯನ ಬೇಡವೆಂದು ಹೇಳುವವನಾಗಿದ್ದರೆ ಅವನು ಮೂರು ಪರಿಚ್ಛೇದಗಳ ಲಕ್ಷಣಗ್ರಂಥವನ್ನು ಬರೆಯುತ್ತಲೇ ಇರಲಿಲ್ಲ.

ತಮ್ಮ ಮಾವನವರು "ನಿಲ್ಲು" ಎನ್ನುವುದಕ್ಕೆ "ನಿಂದ್ರು" ಎನ್ನುತ್ತಾರೆಯೇ? ಹಳಗನ್ನಡದಲ್ಲಿ ನಿಂತನು ಎಂಬುದಕ್ಕೆ "ನಿಂದಂ" ಎಂದೇ ಇರುವುದು. 'ಕವಿರಾಜಮಾರ್ಗ'ದ ಪ್ರಶ್ನೆ ಕೇಳಿದವರು ತಮ್ಮ ಮನೆಯ ಹಿರಿಯರೊಡನೆ ಕುಳಿತು ಓದಿದರೆ ಇಂಥವು ಇನ್ನೂ ಕೆಲವು ಸಿಕ್ಕಾವು.

ಪ್ರಶ್ನೆ ಕೇಳಿದವರ ಮರುಮಾತು | ಸೇಡಂ ಬಸ್ಸಿನ ಓದುಗ

ಗುರುಗಳೆ, ತಾವು ಹೇಳಿದ ಕ್ರಮವನ್ನು ನಾಲ್ಕು ದಿನ ನಡೆಸಿ ನೋಡಿದೆ. ಬಸ್ಸಿನಲ್ಲಿ ಬಾಯಿಬಿಟ್ಟು ಓದಲು ಸಂಕೋಚವಾಗಿ, ತುಟಿಯಲ್ಲಿಯೇ ಓದುತ್ತ ಮಾತ್ರೆಗಳನ್ನು ಬೆರಳಿನಿಂದ ತೊಡೆಯ ಮೇಲೆ ಎಣಿಸುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ತೊಗರಿ ವ್ಯಾಪಾರಿಯೊಬ್ಬರು ಬಹಳ ಹೊತ್ತು ನೋಡಿ, "ಲೆಕ್ಕ ಕೂಡವಲ್ದೇನ್ರಿ?" ಎಂದು ಕೇಳಿದರು. ಪುಸ್ತಕ ತೋರಿಸಿದೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಎಲ್ಲಿಯದೆಂದು ಕೇಳಿದಾಗ ಬಸ್ಸು ಮಳಖೇಡದ ನಿಲ್ದಾಣದಲ್ಲಿಯೇ ಇತ್ತು. ಕಿಟಕಿಯ ಹೊರಗೆ ಕೈ ತೋರಿಸಿದೆ. ಅವರು ನಂಬಲಿಲ್ಲ.

"ನಾಡೆ" ಎರಡಾದುದನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಂಡೆ. ಮುನಿಸು ಅರ್ಧಕ್ಕೆ ಇಳಿದಿದೆ. ಶಬ್ದಾಲಂಕಾರವನ್ನು ಬಿಟ್ಟು ಮೂರನೆಯ ಪರಿಚ್ಛೇದಕ್ಕೆ ಬಂದಿದ್ದೇನೆ. 'ಬದುಕು' ನಮ್ಮ ಓಣಿಯ ಗ್ರಂಥಾಲಯದಲ್ಲಿ ಹೊರಗೆ ಹೋಗಿದೆಯಂತೆ, ಮರಳಿ ಬಂದ ಕೂಡಲೆ ತಿಳಿಸುತ್ತೇವೆ ಎಂದಿದ್ದಾರೆ. ಅದನ್ನು ಅವ್ವನಿಗೆ ಓದಿ ಹೇಳಬೇಕೆಂದಿದ್ದೇನೆ. ಅವಳು "ನಿಂದ್ರು" ಎನ್ನುತ್ತಾಳೆ.