‘ಬಾಣದ ವಿಶ್ರಾಂತಿ’ಯೋ, ‘ಆಸರೆ’ಯೋ? ಕಾಂಪೌಂಡ್ ಬಿಲ್ಲಿನ ಕೆಲವು ಪದಗಳು

ಪ್ರಶ್ನೆ:

ಕಾಂಪೌಂಡ್ ಬಿಲ್ಲಿನ (ತುದಿಗಳಲ್ಲಿ ಕ್ಯಾಮ್ ಎಂಬ ಗಾಲಿಗಳೂ ಅವಕ್ಕೆ ಕಟ್ಟಿದ ಕೇಬಲ್‌ಗಳೂ ಇರುವ ಬಿಲ್ಲು) ಕೈಪಿಡಿಯೊಂದನ್ನು ಕನ್ನಡಕ್ಕೆ ತರುವಾಗ ಈ ವಾಕ್ಯ ಹುಟ್ಟಿತು: “ಬಾಣದ ವಿಶ್ರಾಂತಿಯ ದಾರ ಸಡಿಲವಿದ್ದರೆ ಕಾಗದ ಮೇಲ್ಗಡೆ ಹರಿಯುತ್ತದೆ, ಬಾಣದ ಬೆನ್ನೆಲುಬು ಹೆಚ್ಚಿದ್ದರೆ ಶ್ರುತಿ ಕೂಡುವುದಿಲ್ಲ.” ವ್ಯಾಕರಣಕ್ಕೇನೂ ಮೋಸವಿಲ್ಲ, ಅರ್ಥ ಮಾತ್ರ ದೇವರಿಗೇ ಪ್ರೀತಿ. ರೆಸ್ಟ್, ಸ್ಪೈನ್, ನಾಕ್, ಟ್ಯೂನಿಂಗ್ ಇವಕ್ಕೆ ಏನನ್ನಬೇಕು? ಹಳೆಯ ಕಾವ್ಯಗಳ ಬಿಲ್ವಿದ್ಯೆಯ ಪದಗಳು ಒದಗುತ್ತವೆಯೇ?

ಉತ್ತರ:

ಮೊದಲು ‘ವಿಶ್ರಾಂತಿ’ಯನ್ನು ಕೈಬಿಡಿ. ಬಾಣ ಅಲ್ಲಿ ದಣಿವಾರಿಸಿಕೊಳ್ಳುವುದಿಲ್ಲ, ಆತುಕೊಂಡು ಜಾರುತ್ತದೆ. ಬಿಲ್ಲಿನಲ್ಲಿ ಬಾಣವನ್ನು ಹೊರುವ ಈ ಭಾಗಕ್ಕೆ ಬಳಕೆಯಲ್ಲಿರುವುದು ‘ರೆಸ್ಟ್’, ಕನ್ನಡದ್ದೇ ಬೇಕೆಂದರೆ ‘ಆಸರೆ’ ಸಾಕು. ಬಾಣವನ್ನು ಸುತ್ತಲೂ ಬಿರುಗೂದಲಿನಿಂದ ಹಿಡಿದಿಡುವ ಬಗೆಗೆ ‘ಕುಂಚದ ರೆಸ್ಟ್’ ಅನ್ನಬಹುದು. ಬಾಣ ಹೊರಟೊಡನೆ ಕೆಳಗೆ ಸರಿಯುವ ಬಗೆಗೆ ‘ಬೀಳುವ ರೆಸ್ಟ್’ ಎಂದರೆ ಕಳಚಿಬೀಳುವ ಸಾಮಾನಿನಂತೆ ಕೇಳುತ್ತದೆ. ‘ತಗ್ಗುವ ರೆಸ್ಟ್’ ಎನ್ನಿ.

ನಿಮ್ಮ ವಾಕ್ಯದ ನಿಜವಾದ ತೊಡಕು ‘ದಾರ ಸಡಿಲ’ ಎಂಬಲ್ಲಿದೆ. ತಗ್ಗುವ ರೆಸ್ಟಿನಲ್ಲಿ ಎರಡು ಜಾತಿ. ಕೇಬಲ್‌ಗೆ ದಾರ ಕಟ್ಟುವ ಬಗೆಯಲ್ಲಿ ದಾರ ರೆಸ್ಟನ್ನು ಎತ್ತುತ್ತದೆ, ಸ್ಪ್ರಿಂಗ್ ಕೆಳಗಿಳಿಸುತ್ತದೆ. ಬಿಲ್ಲಿನ ತೋಳಿಗೆ (ಬಾಗುವ ಭಾಗಕ್ಕೆ) ಕಟ್ಟುವ ಬಗೆಯಲ್ಲಿ ಸಾಮಾನ್ಯವಾಗಿ ತಿರುವುಮುರುವು: ಸ್ಪ್ರಿಂಗ್ ಎತ್ತುತ್ತದೆ, ದಾರ ಕೆಳಗೆಳೆದು ಹಿಡಿದಿರುತ್ತದೆ. ಹಾಗಾಗಿ ಮೊದಲನೆಯದರಲ್ಲಿ ದಾರ ಸಡಿಲವಾದರೆ ರೆಸ್ಟ್ ಪೂರ್ತಿ ಏಳುವುದಿಲ್ಲ, ಎದ್ದರೂ ಬೇಗ ತಗ್ಗುತ್ತದೆ. ಎರಡನೆಯದರಲ್ಲಿ ಅದೇ ಸಡಿಲಿಕೆಯಿಂದ ರೆಸ್ಟ್ ತಗ್ಗುವುದೇ ಇಲ್ಲ, ಅಥವಾ ತಡವಾಗಿ ತಗ್ಗಿ ಗರಿಗಳು ಅದಕ್ಕೆ ಬಡಿಯುತ್ತವೆ. ಅನುವಾದದಲ್ಲಿ ಜಾತಿ ಹೇಳದೆ ಬರೆದರೆ ಅರ್ಧದಷ್ಟು ಓದುಗರು ಬಿಗಿ ಮಾಡಬೇಕಾದ್ದನ್ನು ಸಡಿಲಿಸುತ್ತಾರೆ.

ಕೇಬಲ್ ಬಗೆಗೆ ಮೂಲದಲ್ಲಿ ಬರುವ ಅಳತೆಯನ್ನು ಹೀಗೆ ಬರೆಯಬಹುದು: ಹೆದೆ ಸೆಳೆಯುತ್ತ ಬಂದಾಗ ಕೊನೆಯ 1–2 ಇಂಚಿನಲ್ಲಿ ರೆಸ್ಟ್ ತನ್ನ ಎತ್ತರದ ಕೊನೆ ಮುಟ್ಟಬೇಕು. ಕಟ್ಟಿದ ಮೇಲೆ ಕೇಬಲ್ ಮತ್ತು ದಾರ ಸೇರುವಲ್ಲಿ ಬಣ್ಣದ ಪೆನ್ನಿನಿಂದ ಗೆರೆ ಎಳೆದಿಟ್ಟರೆ, ನಿನ್ನೆಯವರೆಗೆ ಸರಿಯಿದ್ದ ಬಿಲ್ಲು ಇಂದು ಕೆಟ್ಟಾಗ ಗಂಟು ಜಾರಿದೆಯೇ ಎಂದು ಒಂದು ನೋಟಕ್ಕೆ ಗೊತ್ತಾಗುತ್ತದೆ.

‘ಕಾಗದ ಮೇಲ್ಗಡೆ ಹರಿಯುತ್ತದೆ’ ಎನ್ನುವುದೂ ಅರ್ಧ ಮಾತು. ಬಾಣ ನೆಟ್ಟಗೆ ಹಾರುತ್ತಿದೆಯೇ ಎಂದು ನೋಡಲು ಸುಮಾರು 2 ಮೀಟರ್ ದೂರದಿಂದ ಚೌಕಟ್ಟಿನ ಕಾಗದಕ್ಕೆ ಹೊಡೆದಾಗ ಮೊನೆ ಒಂದು ದುಂಡು ತೂತು ಮಾಡುತ್ತದೆ, ಗರಿಗಳು ಸೀಳು ಮಾಡುತ್ತವೆ. ಹರಕಿಗೆ ಹೆಸರಿಡುವುದು ಮೊನೆಯಿಂದ ಬಾಲ ಯಾವ ಕಡೆಗಿದೆ ಎಂಬುದರ ಮೇಲೆ. ಆದ್ದರಿಂದ ‘ಬಾಲ ಮೇಲಾದ ಹರಕು’, ‘ಬಾಲ ಎಡವಾದ ಹರಕು’ ಎಂದು ಬಿಡಿಸಿ ಬರೆಯಿರಿ. ‘ಮೇಲ್ಹರಕು’ ಎಂಬ ಸಮಾಸ ಚೆಂದ, ಆದರೆ ಮೊನೆ ಮೇಲೋ ಬಾಲ ಮೇಲೋ ಅದರಿಂದ ತಿಳಿಯುವುದಿಲ್ಲ. ಬಾಲ ಮೇಲಾಗಿದ್ದರೆ ರೆಸ್ಟನ್ನು ಏರಿಸಬೇಕು ಇಲ್ಲವೇ ಹೆದೆಯ ಮೇಲೆ ಬಾಣ ಹೂಡುವ ಜಾಗವನ್ನು ಇಳಿಸಬೇಕು; ಕೆಳಗಾಗಿದ್ದರೆ ಇದರ ವಿರುದ್ಧ. ಒಮ್ಮೆಗೆ 1 ಮಿ.ಮೀ. ಮೀರಬಾರದು.

ಎಡಬಲದ ಹರಕಿಗೆ ಇಂಥ ಒಂದೇ ಸಾಲಿನ ಸೂತ್ರ ಬರೆಯಲು ಹೋಗಬೇಡಿ. ಕ್ಯಾಮ್ ವಾಲಿರುವುದು, ಹಿಡಿಯನ್ನು ಅಂಗೈ ತಿರುಚುವುದು, ಗರಿ ತಾಗುವುದು, ಎಲ್ಲವೂ ಅಲ್ಲೇ ಬಂದು ಸೇರುತ್ತವೆ. ಅರ್ಧ ಮಿಲಿಮೀಟರ್ ಸರಿಸಿ ಮತ್ತೆ ಹೊಡೆಯುವುದು, ಹರಕು ಬೆಳೆದರೆ ಇನ್ನೊಂದು ಕಡೆಗೆ ಸರಿಸುವುದು, ಇದೇ ನಂಬಿಕೆಯ ದಾರಿ. ಸರಿಸಲು ಆರಂಭಿಸುವ ಜಾಗಕ್ಕೆ ಮೂಲದಲ್ಲಿ ‘ಸೆಂಟರ್ ಶಾಟ್’ ಅಂತಿರುತ್ತದೆ. ಅದನ್ನು ‘ನಡುಗುರಿ’ ಎಂದು ಮಾಡಬೇಡಿ, ಗುರಿಗೂ ಅದಕ್ಕೂ ಸಂಬಂಧವಿಲ್ಲ. ಅದು ಬಿಲ್ಲಿನ ನಡುದಂಡದಿಂದ (ಹಿಡಿಯಿರುವ ಗಟ್ಟಿ ಭಾಗ) ಬಾಣದ ನಡುಗೆರೆಗೆ ಇರುವ ದೂರ. ಬಹಳಷ್ಟು ಬಿಲ್ಲುಗಳಲ್ಲಿ ಆರಂಭಕ್ಕೆ 13/16 ಇಂಚು, ಅಂದರೆ ಸುಮಾರು 20.6 ಮಿ.ಮೀ.

ಇನ್ನು ‘ಬೆನ್ನೆಲುಬು’. ಇದು ನಗು ತರಿಸುವ ತಪ್ಪಷ್ಟೇ ಅಲ್ಲ, ಅರ್ಥವನ್ನೇ ಮಗುಚಿಹಾಕುತ್ತದೆ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣದ ಕಡ್ಡಿಯಿಟ್ಟು, ನಟ್ಟನಡುವೆ 1.94 ಪೌಂಡ್ ತೂಕ (ಸುಮಾರು 880 ಗ್ರಾಂ) ತೂಗಿಬಿಟ್ಟಾಗ ಅದು ಬಾಗುವ ಅಳತೆಯೇ ಸ್ಪೈನ್. ಅರ್ಧ ಇಂಚು ಬಾಗಿದರೆ 500, 0.4 ಇಂಚು ಬಾಗಿದರೆ 400. ಅಂದರೆ ಸಂಖ್ಯೆ ದೊಡ್ಡದಾದಷ್ಟೂ ಕಡ್ಡಿ ಮೆದು. ‘ಬೆನ್ನೆಲುಬು ಹೆಚ್ಚು’ ಅಂದಾಗ ಕನ್ನಡದ ಕಿವಿಗೆ ‘ಗಟ್ಟಿ’ ಎಂದೇ ಕೇಳುತ್ತದೆ. ‘ಬಿಗುವು’ ಎಂದರೂ ಅದೇ ಗತಿ. ‘ಬಳುಕು’ ಎಂದು ಬಿಡಿ: ಸಂಖ್ಯೆ ಏರಿದರೆ ಬಳುಕೂ ಏರುತ್ತದೆ, ಓದುವವನು ತಲೆಯಲ್ಲಿ ತಿರುಗಿಸಿಕೊಳ್ಳಬೇಕಿಲ್ಲ. ಕಡ್ಡಿ ಉದ್ದವಾದರೆ, ಮೊನೆಯ ತೂಕ ಹೆಚ್ಚಿದರೆ ಹಾರುವಾಗಿನ ಬಳುಕು ಇನ್ನೂ ಹೆಚ್ಚು.

ಟ್ಯೂನಿಂಗ್‌ಗೆ ‘ಶ್ರುತಿ’ಯೂ ನಡೆದೀತು, ಹೆದೆ ತಂತಿಯೇ ತಾನೆ. ನನಗೆ ‘ಹದಗೊಳಿಸು’ ಹೆಚ್ಚು ಒಪ್ಪಿಗೆ. ಕೈಪಿಡಿಯ ಅಳತೆಗೆ ತಂದಿಡುವುದು ‘ಹೊಂದಿಸು’, ಹೊಡೆದು ನೋಡಿ ತಿದ್ದುವುದು ‘ಹದಗೊಳಿಸು’.

ಮರುಪ್ರಶ್ನೆ:

ಧನ್ಯವಾದ ಸರ್. ನಾಕ್‌ಗೆ ‘ಪುಂಖ’ ಅಥವಾ ‘ಹಿಳುಕು’ ಆಗದೇ? ಹೊಸ ಹೆದೆ ಹಾಕುವುದಕ್ಕೆ ‘ಹೆದೆಯೇರಿಸು’ ಇಟ್ಟಿದ್ದೇನೆ, ಅದಾದರೂ ಉಳಿಯುತ್ತದೆಯೇ?

ಉತ್ತರ:

ಎರಡೂ ಬಾಣದ ಗರಿಯಿರುವ ಹಿಂಬದಿಯನ್ನು ಹೇಳುವ ಪದಗಳು. ‘ಪುಂಖಾನುಪುಂಖ’ದಲ್ಲಿ ಒಂದರ ಬಾಲಕ್ಕೊಂದು ಬಾಣ ಬರುವ ಚಿತ್ರವಿದೆ. ಇಲ್ಲಿ ನಾಕ್ ಬಾಣದ ಹಿಂತುದಿಗೆ ಸಿಕ್ಕಿಸುವ ಬೇರೆಯದೇ ಒಂದು ತುಂಡು, ತಿರುಗಿಸಲು ಬರುತ್ತದೆ. ಗರಿ ರೆಸ್ಟಿಗೋ ಕೇಬಲ್ಲಿಗೋ ತಾಗುತ್ತಿದ್ದರೆ ತಿರುಗಿಸಬೇಕಾದದ್ದು ಅದನ್ನೇ. ‘ಹಿಳುಕನ್ನು ತಿರುಗಿಸಿ’ ಎಂದರೆ ಓದುಗ ಗರಿಗೆ ಕೈ ಹಾಕಿಯಾನು. ತುಂಡಿಗೆ ‘ನಾಕ್’, ಹೆದೆ ಕೂರುವ ಅದರ ಸೀಳಿಗೆ ‘ಕಚ್ಚು’ ಎಂದಿಡಿ. ಗರಿ ತಾಗುತ್ತಿದೆಯೇ ಎಂದು ನೋಡಲು ಗರಿಗಳ ಮೇಲೆ ಒಣ ಪೌಡರ್ ಹಚ್ಚಿ ಒಂದು ಬಾಣ ಬಿಟ್ಟರೆ ಉಜ್ಜಿದ ಗುರುತು ಉಳಿಯುತ್ತದೆ. ಕಚ್ಚು ಹೆದೆಗೆ ಸರಿಹೊಂದಿದೆಯೇ ಎಂದು ನೋಡಲು ಬಾಣವನ್ನು ಹೆದೆಯಿಂದ ನೇತುಬಿಡಬೇಕು: ತಾನಾಗಿ ಬೀಳಬಾರದು, ಹೆದೆಯನ್ನು ಮೆಲ್ಲಗೆ ತಟ್ಟಿದರೆ ಬೀಳಬೇಕು. ಬಿಗಿಯಾದ ಕಚ್ಚಿನಿಂದಲೂ ಹರಕು ಬರುತ್ತದೆ, ಆಗ ರೆಸ್ಟನ್ನು ಎಷ್ಟು ಸರಿಸಿದರೂ ವ್ಯರ್ಥ. ಎರಡು ಕ್ಯಾಮ್‌ಗಳು ಒಟ್ಟಿಗೆ ಕೊನೆ ಮುಟ್ಟದ ಬಿಲ್ಲಿನ ಪಾಡೂ ಇದೇ. ಅನುವಾದದಲ್ಲಿ ಈ ಪರೀಕ್ಷೆಗಳು ರೆಸ್ಟಿನ ಅಧ್ಯಾಯಕ್ಕೆ ಮೊದಲೇ ಬರಲಿ, ಮೂಲದಲ್ಲಿ ಕೊನೆಗಿದ್ದರೂ.

‘ಹೆದೆಯೇರಿಸು’ ಮಾತ್ರ ಅಪಾಯದ ಪದ. ಮರದ ಬಿಲ್ಲನ್ನು ಬಗ್ಗಿಸಿ ಹೆದೆಯ ಕುಣಿಕೆಯನ್ನು ಕೊಪ್ಪಿಗೆ, ಅಂದರೆ ಬಿಲ್ಲಿನ ತುದಿಗೆ, ಸಿಕ್ಕಿಸುವುದು ಹೆದೆಯೇರಿಸುವುದು. ಆಟ ಮುಗಿದರೆ ಇಳಿಸುತ್ತಾರೆ. ಕಾಂಪೌಂಡ್ ಬಿಲ್ಲಿನ ತುದಿಯಲ್ಲಿ ಕೊಪ್ಪಿಲ್ಲ, ಕ್ಯಾಮ್ ಇದೆ, ಹೆದೆ ಸದಾ ಎಳೆತದಲ್ಲೇ ಇರುತ್ತದೆ. ಅದನ್ನು ಬದಲಿಸಲು ತೋಳುಗಳನ್ನು ಒತ್ತಿಹಿಡಿಯುವ ಬಿಲ್ಲಿನ ಪ್ರೆಸ್ ಬೇಕು. ಬರಿಗೈಯಲ್ಲಿ ಬಿಚ್ಚಲು ಹೋದರೆ ತೋಳು ಸಿಡಿದು ಪೆಟ್ಟಾಗುತ್ತದೆ. ‘ಪ್ರೆಸ್‌ನಲ್ಲಿಟ್ಟು ಹೆದೆ ಬದಲಿಸಿ’ ಎಂದೇ ಬರೆಯಿರಿ.