ಹಳೇ ಹಂಚಿನ ಕಾರ್ಖಾನೆ: ಕೆಡವೋದಾ, ಉಳಿಸಿಕೊಳ್ಳೋದಾ?

ಹೊಳೆಬದಿ ಮೊಮ್ಮಗ:
ಎಲ್ಲರಿಗೂ ನಮಸ್ಕಾರ. ಕುಂದಾಪುರದ ಹತ್ತಿರ ಹೊಳೆ ದಂಡೆಯಲ್ಲಿ ನಮ್ಮ ಅಜ್ಜನ ಹಂಚಿನ ಕಾರ್ಖಾನೆ ಇದೆ. ಭಟ್ಟಿ ಆರಿ ಹತ್ತು ವರ್ಷ ಆಯಿತು. ಕೆಂಪುಕಲ್ಲಿನ ಗೋಡೆ, ಮರದ ಕಂಬ, ಹಸಿ ಹಂಚು ಒಣಗಿಸುತ್ತಿದ್ದ ಅಟ್ಟ, ಪಕ್ಕದಲ್ಲಿ ಚಿಮಣಿ. ಮಾಡು ಸುಮಾರು 10,000 ಚದರಡಿ. ಎಲ್ಲ ಕೆಡವಿ ಫ್ಲ್ಯಾಟ್ ಕಟ್ಟೋಣ ಅಂತ ಬಿಲ್ಡರ್ ಒಬ್ಬರು ಬಂದಿದ್ದಾರೆ, ಚಿಕ್ಕಪ್ಪಂದಿರಿಗೂ ಒಪ್ಪಿಗೆ. ನನಗೆ ಮನಸ್ಸಿಲ್ಲ. ಕೆಳಗೆ ಅಂಗಡಿ, ಕ್ಯಾಂಟೀನು, ಬಡಗಿ-ಕುಂಬಾರರಿಗೆ ಕೆಲಸದ ಜಾಗ, ಅಟ್ಟದಲ್ಲಿ ಆಫೀಸು, ಹಿಂದೆ ನಾಲ್ಕೈದು ಬಾಡಿಗೆ ಮನೆ, ಇಷ್ಟು ಮಾಡಬಹುದಾ? ಬರೀ ಅಜ್ಜನ ನೆನಪಿಗೆ ಅಂಟಿಕೊಂಡಿದ್ದೇನೆ ಅಂತ ಮನೆಯಲ್ಲಿ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಸುಣ್ಣದ ಗಾರೆ:
ಹಳೇ ಕಟ್ಟಡ ರಿಪೇರಿ ಮಾಡುವುದೇ ನನ್ನ ಕೆಲಸ. ಮೊದಲು ಒಂದು ಸ್ಕ್ರೂಡ್ರೈವರ್ ಹಿಡಿದು ಹೋಗಿ ಪ್ರತಿ ಕಂಬದ ಬುಡಕ್ಕೆ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಮರ ಸತ್ತಿದೆ, ಗೆದ್ದಲೋ ನೀರೋ ತಿಂದಿದೆ. ಬುಡ ಮಾತ್ರ ಹೋಗಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ಮರ ಜೋಡಿಸಬಹುದು, ಇಡೀ ಕಂಬ ತೆಗೆಯಬೇಕಿಲ್ಲ. ಚಿಮಣಿ ವಾಲಿದೆಯಾ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ಅಳತೆ ಮಾಡಿಸಿ. ಗೋಡೆಗೆ ಸಿಮೆಂಟ್ ಮೆತ್ತಬೇಡಿ, ದಯವಿಟ್ಟು. ಕೆಂಪುಕಲ್ಲು ಕುಡಿದ ನೀರು ಹೊರಗೆ ಆರಬೇಕು, ಸಿಮೆಂಟ್ ಬಿಡಲ್ಲ, ಸುಣ್ಣದ ಗಾರೆ ಬಿಡುತ್ತದೆ.

ಇನ್ನೊಂದು, ಭಟ್ಟಿಯ ಬಿಸಿ ಮೇಲೇರಿ ಅಟ್ಟದ ಹಂಚು ಒಣಗಲಿ ಅಂತಲೇ ಇಂಥ ಕಟ್ಟಡ ಕಟ್ಟುತ್ತಿದ್ದರು. ಗಾಳಿ ಓಡಾಡಲು ಹುಟ್ಟಿದ ಕಟ್ಟಡ ಅದು, ಫಾಲ್ಸ್ ಸೀಲಿಂಗ್ ಹಾಕಿ ಉಸಿರು ಕಟ್ಟಿಸಬೇಡಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ, ಅಂದರೆ ನಿಮ್ಮ ಮಾಡಿನ ಮೇಲೇ 30 ಲಕ್ಷ ಲೀಟರಿಗಿಂತ ಜಾಸ್ತಿ ನೀರು. ಅರ್ಧ ಹಿಡಿದರೂ ಬಾವಿ ತುಂಬಿಸಬಹುದು.

ಪರೇಲ್ ಕನ್ನಡಿಗ:
ಮುಂಬೈಯಿಂದ ಬರೆಯುತ್ತಿದ್ದೇನೆ. 1982ರ ಕಾರ್ಮಿಕರ ಮುಷ್ಕರದ ನಂತರ ಇಲ್ಲಿ ಬಟ್ಟೆ ಮಿಲ್ಲುಗಳು ಒಂದೊಂದೇ ಮುಚ್ಚಿದವು. ಮಿಲ್ ಜಾಗದಲ್ಲಿ ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಬಡವರ ಮನೆಗೆ, ಒಂದು ಮಾಲೀಕರಿಗೆ ಅಂತ 1991ರಲ್ಲಿ ನಿಯಮ ಮಾಡಿದರು. 2001ರಲ್ಲಿ ಅದನ್ನು ಬದಲಾಯಿಸಿ, ಖಾಲಿ ಇರುವ ಜಾಗಕ್ಕೆ ಮಾತ್ರ ಪಾಲು ಅಂದರು. ಊರಿಗೂ ಕಾರ್ಮಿಕರಿಗೂ ಸಿಕ್ಕಿದ್ದು ತೀರಾ ಕಮ್ಮಿ. ಫೀನಿಕ್ಸ್ ಮಿಲ್ಲಿನ ಚಿಮಣಿ ಈಗಲೂ ನಿಂತಿದೆ, ಸುತ್ತ ಮಾಲ್. 2017ರ ಡಿಸೆಂಬರಿನಲ್ಲಿ ಕಮಲಾ ಮಿಲ್ಸ್ ಆವರಣದ ಟೆರೇಸ್ ಹೋಟೆಲಿನಲ್ಲಿ ಬೆಂಕಿ ಬಿದ್ದು 14 ಜನ ಸತ್ತರು. ನಿಮ್ಮದು ಮರದ ಅಟ್ಟ. ಎರಡು ಮೆಟ್ಟಿಲು, ಎರಡು ಬಾಗಿಲು ಇಲ್ಲದೆ ಮೇಲೆ ಯಾರನ್ನೂ ಕೂರಿಸಬೇಡಿ. ಕ್ಯಾಂಟೀನಿನ ಒಲೆ ಬೇರೆ ಕಟ್ಟಡದಲ್ಲಿ ಇರಲಿ.

ಹಾಂ, ಉಬ್ಬರದ ನೀರು ಬರುವ ಹೊಳೆ ದಂಡೆಗೂ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ, ದಂಡೆ ಹತ್ತಿರ ಕಟ್ಟುವುದಕ್ಕೆ ಮಿತಿ ಹಾಕುತ್ತದೆ. ಫ್ಲ್ಯಾಟಿಗೆ ಅನುಮತಿ ಸಿಗುತ್ತದಾ ಅಂತ ಬಿಲ್ಡರನ್ನೇ ಕೇಳಿ, ಚಿಕ್ಕಪ್ಪಂದಿರ ಎದುರಿಗೇ ಕೇಳಿ.

ಸಿಂಬೆ:
ನನ್ನಮ್ಮ ಇಂಥದ್ದೇ ಕಾರ್ಖಾನೆಯಲ್ಲಿ ಹಂಚು ಹೊತ್ತವರು. ಹಸಿ ಹಂಚಿನ ಅಂಚಿನಲ್ಲಿ ಬೆರಳಿನ ಗುರುತು ಉಳಿದು ಹಾಗೇ ಬೆಂದು ಬರುತ್ತಿತ್ತಂತೆ. ನಮ್ಮ ಮನೆ ಮಾಡಿನಲ್ಲಿ ಅಂಥದ್ದೊಂದು ಇದೆ, ಅಮ್ಮ ಅದರ ಮೇಲೆ ತನ್ನ ಬೆರಳಿಟ್ಟು ನೋಡುತ್ತಾರೆ. ಅಣ್ಣಾ, ಅಂಗಡಿ ಬಾಡಿಗೆಗೆ ಕೊಡುವಾಗ ಹಳೇ ಕೆಲಸದವರ ಮಕ್ಕಳನ್ನು ಮೊದಲು ಕೇಳಿ. ಬಾಡಿಗೆ ಸ್ವಲ್ಪ ಕಮ್ಮಿ ಬಂದರೂ ಬಾಗಿಲು ಮುಚ್ಚಿ ಹೋಗುವವರಲ್ಲ ಅವರು.

ಹೊಳೆಬದಿ ಮೊಮ್ಮಗ:
ಸಿಂಬೆ ಅಕ್ಕ, ಹಳೇ ಹಾಜರಿ ಪುಸ್ತಕ ಅಜ್ಜನ ಪೆಟ್ಟಿಗೆಯಲ್ಲೇ ಇದೆ, ಹೆಸರು ಹುಡುಕುತ್ತೇನೆ. ಸಿಆರ್‌ಝಡ್ ವಿಷಯ ಮನೆಯಲ್ಲಿ ಯಾರೂ ಎತ್ತಿರಲೇ ಇಲ್ಲ. ಭಾನುವಾರ ದೊಡ್ಡ ಚಿಕ್ಕಪ್ಪನನ್ನೂ ಕರೆದುಕೊಂಡು ಸ್ಕ್ರೂಡ್ರೈವರ್ ಹಿಡಿದು ಹೋಗುತ್ತೇನೆ. ಎಷ್ಟು ಕಂಬ ಗಟ್ಟಿ ಇವೆ ಅಂತ ಬಂದು ಬರೆಯುತ್ತೇನೆ.